ಬಕೀಟಿನಲ್ಲಿ ಹುಟ್ಟಿದ ಲೇತ್

ಒಂದು ಹಳೆಯ ತಗಡಿನ ಬಕೀಟು. ಒಳಗೆ ಮೆತ್ತಲು ಬೆಂಕಿ ತಡೆಯುವ ಜೇಡಿಮಣ್ಣು, ಮರಳು. ಅರ್ಧ ಮೂಟೆ ಇದ್ದಿಲು. ತಿದಿಯ ಬದಲಿಗೆ ತಲೆಗೂದಲು ಒಣಗಿಸುವ ಡ್ರೈಯರ್. ಕರಗಿಸಲು ಗುಜರಿಯವನಿಂದ ತೂಕಕ್ಕೆ ತಂದ ಸವೆದ ಪಿಸ್ಟನ್‌ಗಳು, ಒಡೆದ ಗೇರ್‌ಬಾಕ್ಸಿನ ಚೂರುಗಳು. ಇಷ್ಟನ್ನು ಮುಂದಿಟ್ಟುಕೊಂಡು ಕೂತವನು ತಾಳ್ಮೆಯೊಂದಿದ್ದರೆ ಕೆಲವು ತಿಂಗಳಲ್ಲಿ ಉಕ್ಕು ಕಡೆಯುವ ಲೇತ್ ಯಂತ್ರವೊಂದನ್ನು ತನ್ನ ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಿಸಿಕೊಳ್ಳಬಹುದು ಎಂದರೆ, ವರ್ಕ್‌ಶಾಪಿನಲ್ಲಿ ಕೈ ಕರಿ ಮಾಡಿಕೊಂಡ ಯಾರಾದರೂ ಮೊದಲು ನಕ್ಕುಬಿಡುತ್ತಾರೆ.

ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಡೇವಿಡ್ ಜಿಂಜರಿ (1932–2004) ಈ ಕೆಲಸವನ್ನು ಮಾಡಿ ತೋರಿಸಿದರು. ಮಾಡಿದ್ದನ್ನು ಅಷ್ಟಕ್ಕೇ ಬಿಡದೆ, 1980ರಿಂದ ಶುರುಮಾಡಿ ಒಂದೊಂದಾಗಿ ಏಳು ತೆಳು ಪುಸ್ತಕಗಳಲ್ಲಿ ಬರೆದಿಟ್ಟರು. ಮೊದಲನೆಯದರಲ್ಲಿ ಇದ್ದಿಲಿನ ಕುಲುಮೆ, ಎರಡನೆಯದರಲ್ಲಿ ಲೇತ್. ಆಮೇಲೆ ಶೇಪರ್, ಮಿಲ್ಲಿಂಗ್ ಯಂತ್ರ, ಡ್ರಿಲ್ ಪ್ರೆಸ್, ಡಿವೈಡಿಂಗ್ ಹೆಡ್, ಕೊನೆಗೆ ತಗಡು ಮಡಿಸುವ ಬ್ರೇಕ್. ಈ ಅನುಕ್ರಮವನ್ನು ಗಮನಿಸಬೇಕು. ಪ್ರತಿ ಪುಸ್ತಕದ ಯಂತ್ರವನ್ನು ಮಾಡಲು ಬೇಕಾದ ಸಲಕರಣೆ ಹಿಂದಿನ ಪುಸ್ತಕಗಳನ್ನು ಓದಿ ಮಾಡಿಕೊಂಡಿದ್ದೇ ಆಗಿರುತ್ತದೆ. ಕುಲುಮೆ ಲೇತನ್ನು ಹೆರುತ್ತದೆ, ಲೇತ್ ಶೇಪರನ್ನು, ಅವೆರಡೂ ಸೇರಿ ಮಿಲ್ಲಿಂಗ್ ಯಂತ್ರವನ್ನು. ಇದ್ದಿಲಿನಿಂದ ಹಲ್ಲುಗಾಲಿಯವರೆಗೆ ಒಂದೇ ಸಂಸಾರ.

ಲೇತಿನ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಒಂದು ಮಾತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ಮರದ ತುಂಡನ್ನು ತಿರುಗಿಸಿ, ಉಳಿ ಹಿಡಿದು, ಗುಂಡಗೆ ಕಡೆಯುವುದನ್ನು ನೋಡಿದವರಿಗೆ ಲೇತ್ ಅರ್ಧ ಅರ್ಥವಾದಂತೆಯೇ. ಅಲ್ಲಿ ಉಳಿ ಹಿಡಿಯುವುದು ಕೈ. ಕಬ್ಬಿಣದ ಲೇತಿನಲ್ಲಿ ಉಳಿಯನ್ನು ಹಿಡಿಯುವುದು ಒಂದು ಗಾಡಿ. ಆ ಗಾಡಿ ಬೆಡ್ ಎಂಬ ಉದ್ದನೆಯ ಹಾಸಿನ ಮೇಲೆ ನೇರವಾಗಿ ಜಾರಬೇಕು. ಬೆಡ್ ಎಷ್ಟು ನೇರವೋ ಅದರ ಮೇಲೆ ಕಡೆದ ತುಂಡು, ವರ್ಕ್‌ಶಾಪಿನ ಮಾತಿನಲ್ಲಿ ಜಾಬ್, ಅಷ್ಟೇ ನೇರ. ಜಾಬನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ಬೆಡ್ಡಿಗೆ ಕೂದಲೆಳೆಯಷ್ಟು ಓರೆಯಾಗಿ ಕೂತರೂ, ಕಡೆದ ರಾಡು ಒಂದು ತುದಿಗೆ ದಪ್ಪ ಇನ್ನೊಂದು ತುದಿಗೆ ಸಣ್ಣ ಆಗಿ ಹೊರಬರುತ್ತದೆ.

ಹೀಗಾಗಿ ಒಂದು ಪ್ರಶ್ನೆ ಏಳುತ್ತದೆ. ನೇರವಾದ ಬೆಡ್ ಮಾಡಲು ನೇರವಾದ ಬೆಡ್ ಇರುವ ಇನ್ನೊಂದು ಯಂತ್ರ ಬೇಕು. ಆ ಯಂತ್ರವನ್ನು ಮಾಡಲು ಮತ್ತೊಂದು. ಬೀಜ ಮೊದಲೋ ಮರ ಮೊದಲೋ ಎಂಬ ಹಳೆಯ ಜಗಳವೇ ಇದು. ಇಂಥ ಯಂತ್ರಗಳಿಗೆ ತಾಯಿ ಯಂತ್ರ ಎಂಬ ಹೆಸರು ಬಂದದ್ದೂ ಇದರಿಂದಲೇ: ಬೇರೆ ಯಂತ್ರಗಳನ್ನು ಹೆರುವ ಯಂತ್ರ. ಕರ್ನಾಟಕದಲ್ಲಿ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಲೆಯೆತ್ತಿದ್ದು, 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದದ್ದು ಈ ತಾಯಿಯನ್ನು ಹೊರದೇಶದಿಂದ ತರಿಸುವ ಪಾಡು ತಪ್ಪಲಿ ಎಂದು. ಎಚ್‌ಎಂಟಿ ಎಂದರೆ ಈಗ ಜನಕ್ಕೆ ಕೈಗಡಿಯಾರ ನೆನಪಾಗುತ್ತದೆ. ಹೆಸರಿನೊಳಗಿರುವುದು ಮಾತ್ರ ಮೆಷಿನ್ ಟೂಲ್ಸ್.

ಹಾಗಾದರೆ ಮೊಟ್ಟಮೊದಲ ತಾಯಿ ಎಲ್ಲಿಂದ ಬಂದಳು?

ಉತ್ತರ ಸಿಗುವುದು ಲಂಡನ್ನಿನ ಒಂದು ಕಾರ್ಖಾನೆಯಲ್ಲಿ. 1800ರ ಆಸುಪಾಸಿನಲ್ಲಿ ಹೆನ್ರಿ ಮಾಡ್ಸ್ಲಿ ಎಂಬ ಕುಶಲಕರ್ಮಿ ತಿರುಪಿನ ಮರೆ ಕೊರೆಯುವ ಲೇತನ್ನು ರೂಪಿಸಿದ. ಮರೆ ಕೊರೆಯಬೇಕಾದರೆ ಗಾಡಿಯನ್ನು ಒಂದೇ ಲೆಕ್ಕದಲ್ಲಿ ಎಳೆಯುವ ತಿರುಪೊಂದು ಯಂತ್ರದಲ್ಲೇ ಇರಬೇಕು. ಆ ಮೊದಲ ತಿರುಪನ್ನು ಅವನು ಮಾಡಿದ ಬಗೆ ಸರಳ. ಮೆದುವಾದ ಮರದ ಅಥವಾ ತವರದ ಉರುಳೆಯನ್ನು ತಿರುಗಿಸುತ್ತಾ, ಅದರ ಮೈಗೆ ಓರೆಯಾಗಿ ಒಂದು ಚೂಪು ಅಲಗನ್ನು ಒತ್ತಿ ಹಿಡಿದ. ಓರೆಯ ಅಲಗು ತಾನಾಗಿಯೇ ಉರುಳೆಯ ಉದ್ದಕ್ಕೆ ಸರಿಯುತ್ತಾ ಸುರುಳಿ ಗೆರೆ ಎಳೆಯಿತು. ಆ ಗೆರೆಯನ್ನೇ ಅನುಸರಿಸಿ ಗಟ್ಟಿ ತಿರುಪು. ಅದರಲ್ಲಿದ್ದ ತಪ್ಪು ತಿದ್ದಿ ಇನ್ನೂ ಒಳ್ಳೆಯ ತಿರುಪು. ಅವನ ಮೇಜಿನ ಮೇಲಿದ್ದ ಅಳೆಯುವ ಸಾಧನಕ್ಕೆ ಅಲ್ಲಿನವರು ಲಾರ್ಡ್ ಚಾನ್ಸಲರ್ ಎಂದು ಹೆಸರಿಟ್ಟಿದ್ದರು. ಅದು ಹೇಳಿದ ತೀರ್ಪಿನ ಮೇಲೆ ಅಪೀಲಿಲ್ಲ ಎಂಬ ಅರ್ಥದಲ್ಲಿ.

ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದಲ್ಲಿ ವಿಜ್ಞಾನಿಗಳ ಸಭೆಯೊಂದರ ಮುಂದೆ ಪ್ರಬಂಧ ಓದಿದ. ವಿಷಯ: ಪೂರಾ ಸಪಾಟಾದ ಲೋಹದ ಮೈಯನ್ನು ಮಾಡುವುದು ಹೇಗೆ. ಅವನು ವಿವರಿಸಿದ ವಿಧಾನಕ್ಕೆ ಬೇಕಾದದ್ದು ಮೂರು ಲೋಹದ ಹಲಗೆ, ಸ್ವಲ್ಪ ಬಣ್ಣ, ಹೆರೆಯುವ ಉಳಿ. ಯಂತ್ರ ಬೇಡ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ಹಲಗೆ ತಗೊಂಡು ಒಂದರ ಮೈಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಇನ್ನೊಂದನ್ನು ಅದರ ಮೇಲೆ ಇಟ್ಟು ಉಜ್ಜಿದರೆ, ಉಬ್ಬಿದ ಜಾಗಕ್ಕೆಲ್ಲ ಬಣ್ಣ ಹತ್ತುತ್ತದೆ. ಬಣ್ಣ ಹತ್ತಿದ ಚುಕ್ಕೆಯನ್ನಷ್ಟೇ ಹೆರೆದು ತೆಗೆಯಬೇಕು. ಮತ್ತೆ ಬಣ್ಣ, ಮತ್ತೆ ಉಜ್ಜು, ಮತ್ತೆ ಹೆರೆ. ಕೊನೆಗೆ ಎರಡೂ ಹಲಗೆ ಒಂದಕ್ಕೊಂದು ಪೂರ್ತಿ ಕೂಡಿಕೊಳ್ಳುತ್ತವೆ. ಆದರೆ ಕೂಡಿಕೊಂಡವು ಎಂದ ಮಾತ್ರಕ್ಕೆ ಸಪಾಟಾದವು ಎನ್ನುವಂತಿಲ್ಲ. ಒಂದು ಹಲಗೆ ಬಟ್ಟಲಿನಂತೆ ತಗ್ಗಾಗಿ, ಇನ್ನೊಂದು ಬೆನ್ನಿನಂತೆ ಉಬ್ಬಾಗಿ ಇದ್ದರೂ ಅವು ಹಾಗೇ ಕೂಡುತ್ತವೆ. ಈ ಮೋಸವನ್ನು ಬಯಲಿಗೆಳೆಯುವುದು ಮೂರನೇ ಹಲಗೆ. ಒಂದನೆಯದು ಎರಡಕ್ಕೆ, ಎರಡನೆಯದು ಮೂರಕ್ಕೆ, ಮೂರನೆಯದು ಒಂದಕ್ಕೆ, ಹೀಗೆ ಯಾವ ಜೋಡಿ ಹಿಡಿದರೂ ಕೂಡಬೇಕೆಂದರೆ ಉಬ್ಬಿಗೂ ತಗ್ಗಿಗೂ ಜಾಗವೇ ಇಲ್ಲ. ಮೂರೂ ಸಪಾಟಾಗಲೇಬೇಕು. ಕೈಯಲ್ಲಿದ್ದ ಉಳಿ ಸೊಟ್ಟಗಿದ್ದರೂ ಅದರಿಂದ ಆದ ಮೈ ನೇರ! ಕರಾರುವಾಕ್ಕುತನ ಹಿರಿಯ ಯಂತ್ರದಿಂದ ಬಳುವಳಿಯಾಗಿ ಬರಬೇಕಿಲ್ಲ, ಹೋಲಿಸಿ ತಿದ್ದುವ ಕ್ರಮದಿಂದಲೂ ಹುಟ್ಟುತ್ತದೆ. ಮನೆಯಲ್ಲಿ ಯಂತ್ರ ಕಟ್ಟುವವರೆಲ್ಲ ನಿಂತಿರುವುದು ಈ ನೆಲದ ಮೇಲೆ.

ವಿಟ್‌ವರ್ತನ ಹೆಸರು ಕೇಳಿಲ್ಲ ಎನ್ನುವವರ ಮನೆಯೊಳಗೂ ಅವನಿದ್ದಾನೆ. 1841ರಲ್ಲಿ ಅವನು ತಿರುಪಿನ ಮರೆಗೆ 55 ಡಿಗ್ರಿಯ ಕೋನ ನಿಗದಿಮಾಡಿದ. ನಮ್ಮ ಬಚ್ಚಲಿನ ನಲ್ಲಿಯನ್ನು ಪೈಪಿಗೆ ಕೂರಿಸುವ ಅರ್ಧ ಇಂಚಿನ ಮರೆಯಲ್ಲಿ ಇವತ್ತಿಗೂ ಇರುವುದು ಅದೇ ಕೋನ.

ಐಟಿಐಯಲ್ಲಿ ಫಿಟ್ಟರ್ ಕಲಿತ ಹುಡುಗರಿಗೆ ಹೋಲಿಸಿ ತಿದ್ದುವ ಕೈಕೆಲಸದ ಮಹಿಮೆಯನ್ನು ಹೊಸದಾಗಿ ಹೇಳಬೇಕಿಲ್ಲ. ಸೇರಿದ ಹೊಸದರಲ್ಲಿ ಕೈಗೆ ಸಿಗುವುದು ಒಂದು ಕಬ್ಬಿಣದ ತುಂಡು, ಒಂದು ಅರ. ವೈಸ್‌ಗೆ ತುಂಡನ್ನು ಕಚ್ಚಿಸಿ, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು, ಸಂದಿನಲ್ಲಿ ಬೆಳಕು ಇಣುಕಿದರೆ ಮತ್ತೆ ಅರ ಹಾಕಬೇಕು. ವಾರಗಟ್ಟಲೆ ಇದೇ. ಅಂಗೈಗೆ ಬೊಬ್ಬೆ ಬರುತ್ತದೆ, ಬೇಸರವೂ ಬರುತ್ತದೆ. ಆದರೆ ಎಲ್ಲಿ ಒತ್ತಬೇಕು, ಎಲ್ಲಿ ಹಗುರವಾಗಿ ಬಿಡಬೇಕು ಎಂಬುದು ಕೈಗೆ ಹತ್ತುವುದು ಆಗಲೇ.

ಜಿಂಜರಿಯ ದಾರಿಯಲ್ಲಿ ಮೊದಲ ಮೆಟ್ಟಿಲು ಕುಲುಮೆ. ಬಕೀಟಿನ ಒಳಮೈಗೆ ಜೇಡಿಮಣ್ಣು ಮರಳಿನ ಮಿಶ್ರಣವನ್ನು ದಪ್ಪಗೆ ಮೆತ್ತಿ, ಬುಡದ ಹತ್ತಿರ ಗಾಳಿ ನುಗ್ಗಲು ಒಂದು ಕೊಳವೆ ಬಿಟ್ಟು, ಆಮೇಲೆ ನಿಧಾನವಾಗಿ ಒಣಗಿಸಬೇಕು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಇದ್ದಿಲಿಗೆ ಗಾಳಿ ಊದಿದರೆ ಈ ಶಾಖ ಸುಲಭವಾಗಿ ಬರುತ್ತದೆ. ಎರಕದ ಕಬ್ಬಿಣಕ್ಕಾದರೆ 1,200 ಡಿಗ್ರಿಯ ಹತ್ತಿರ ಬೇಕು, ಅದು ಮನೆಯಂಗಳದ ಹೊಸಬರ ಕೆಲಸವಲ್ಲ. ಜಿಂಜರಿ ಅಲ್ಯೂಮಿನಿಯಂ ಆರಿಸಿಕೊಂಡದ್ದರ ಗುಟ್ಟು ಇಷ್ಟೇ.

ಗುಜರಿಯಲ್ಲೂ ಜಾತಿಗಳಿವೆ. ತಂಪು ಪಾನೀಯದ ಖಾಲಿ ಡಬ್ಬಗಳು ರಾಶಿ ಬಿದ್ದಿರುತ್ತವೆ, ಬಿಟ್ಟಿ ಸಿಗುತ್ತವೆ, ಹೊಸಬರು ಮೊದಲು ಕೈಹಾಕುವುದು ಅವಕ್ಕೇ. ಆದರೆ ತೆಳು ತಗಡು ಕರಗುವ ಮೊದಲೇ ಸಾಕಷ್ಟು ಸುಟ್ಟು ಕಿಟ್ಟವಾಗಿಬಿಡುತ್ತದೆ. ಉಳಿದ ಲೋಹವೂ ತಗಡಿಗೆ ಹೇಳಿಮಾಡಿಸಿದ್ದೇ ಹೊರತು ಎರಕಕ್ಕಲ್ಲ. ಹಳೆಯ ಪಿಸ್ಟನ್ ಹಾಗಲ್ಲ. ಅದು ಹುಟ್ಟಿದ್ದೇ ಎರಕದಲ್ಲಿ. ಅದರಲ್ಲಿ ಸಿಲಿಕಾನ್ ಬೆರೆತಿರುವುದರಿಂದ ಅಚ್ಚಿನ ಮೂಲೆ ಮೂಲೆಗೂ ನೀರಿನಂತೆ ಹರಿಯುತ್ತದೆ.

ಎರಕ ಹೊಯ್ಯಲು ಮೊದಲು ಮರದಲ್ಲಿ ಮಾದರಿ ಕೆತ್ತಬೇಕು. ಬೆಳಗಾವಿಯ ಫೌಂಡ್ರಿಗಳಲ್ಲಿ ಇದಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಅದರ ಬದಿಗಳು ತುಸು ಇಳಿಜಾರಾಗಿರಬೇಕು, ಇಲ್ಲದಿದ್ದರೆ ಮರಳಿನಿಂದ ಮೇಲೆತ್ತುವಾಗ ಅಚ್ಚಿನ ಗೋಡೆ ಕುಸಿಯುತ್ತದೆ. ಅಳತೆಯೂ ಸ್ವಲ್ಪ ದೊಡ್ಡದಿರಬೇಕು. ಅಲ್ಯೂಮಿನಿಯಂ ತಣ್ಣಗಾಗುತ್ತಾ ಶೇಕಡ 1.3ರಷ್ಟು ಕುಗ್ಗುತ್ತದೆ. ಒಂದು ಅಡಿಯ ಬೆಡ್ ಬೇಕೆಂದವನು ಮಾದರಿಯನ್ನು ನಾಲ್ಕು ಮಿಲಿಮೀಟರ್ ಉದ್ದ ಇಡುತ್ತಾನೆ.

ಮರಳಿನ ಹದವನ್ನು ತಿಳಿಯಲು ಮೀಟರ್ ಬೇಡ. ನುಣ್ಣನೆಯ ಮರಳಿಗೆ ಬೆಂಟೊನೈಟ್ ಜೇಡಿ, ಚಿಮುಕಿಸಿದಷ್ಟೇ ನೀರು ಬೆರೆಸಿ ಮುಷ್ಟಿಯಲ್ಲಿ ಹಿಂಡಬೇಕು. ತಂಬಿಟ್ಟು ಕಟ್ಟಿ ಗೊತ್ತಿರುವವರಿಗೆ ಈ ಹದ ಕೂಡಲೇ ಹಿಡಿತಕ್ಕೆ ಸಿಗುತ್ತದೆ. ಉಂಡೆಯ ಮೇಲೆ ಬೆರಳಿನ ಗುರುತು ಚೊಕ್ಕವಾಗಿ ಮೂಡಬೇಕು, ನಡುವೆ ಮುರಿದರೆ ಪುಡಿಯಾಗದೆ ಎರಡು ಹೋಳಾಗಬೇಕು, ಅಂಗೈಗೆ ಅಂಟಬಾರದು. ಮಾದರಿಯನ್ನು ಎರಡು ಚೌಕಟ್ಟುಗಳ ನಡುವೆ ಇಟ್ಟು, ಮರಳು ಅಂಟಿಕೊಳ್ಳದಂತೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನೇ ಉದುರಿಸಿ, ಮರಳನ್ನು ಕುಟ್ಟಿ ತುಂಬಿ, ಚೌಕಟ್ಟು ಬಿಡಿಸಿ, ಮಾದರಿಯನ್ನು ಮೆಲ್ಲನೆ ತಟ್ಟಿ ಎತ್ತಿದರೆ ಒಳಗೆ ಉಳಿಯುವ ಖಾಲಿ ಜಾಗವೇ ಮುಂದಿನ ಲೇತಿನ ಒಂದು ಅಂಗ. ಮೂಸೆಯಲ್ಲಿ ಕರಗಿದ ಲೋಹದ ಮೇಲಿನ ಕಿಟ್ಟವನ್ನು ಸರಿಸಿ, ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಹೊಯ್ಯಬೇಕು. ಅಚ್ಚಿನ ಪಕ್ಕದಲ್ಲೇ ಹೆಚ್ಚುವರಿ ಲೋಹ ನಿಲ್ಲಲು ಒಂದು ಗುಂಡಿ ಬಿಟ್ಟಿರುತ್ತಾರೆ. ಎರಕ ಕುಗ್ಗುತ್ತಾ ಬಾಯಾರಿದಾಗ ಲೋಹವನ್ನು ಅಲ್ಲಿಂದ ಹೀರಿಕೊಳ್ಳುತ್ತದೆ. ಆ ಗುಂಡಿ ಇಲ್ಲದಿದ್ದರೆ ದಪ್ಪನೆಯ ಭಾಗದಲ್ಲಿ ಪೊಳ್ಳು ಬೀಳುತ್ತದೆ.

ಇಲ್ಲಿ ಎಚ್ಚರ ತಪ್ಪುವಂತಿಲ್ಲ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಲೋಹದ ಕೆಳಗೆ ಒಂದು ಚಮಚ ನೀರು ಸಿಕ್ಕಿಕೊಂಡರೂ ಅದು ಮದ್ದಿನಂತೆ ಸಿಡಿಯುತ್ತದೆ. ಕಾಂಕ್ರೀಟ್ ನೆಲ ಒಣಗಿದಂತೆ ಕಂಡರೂ ಅದರೊಳಗೆ ತೇವ ಅಡಗಿರುತ್ತದೆ, ಲೋಹ ಚೆಲ್ಲಿದರೆ ನೆಲವೇ ಚಕ್ಕೆ ಎದ್ದು ಮೈಮೇಲೆ ಹಾರುತ್ತದೆ. ಆದ್ದರಿಂದ ಎರಕ ಹೊಯ್ಯುವುದು ಒಣ ಮರಳು ಹಾಸಿದ ಬಯಲಿನಲ್ಲಿ. ಮೂಸೆಗೆ ಹಾಕುವ ಚೂರುಗಳನ್ನೂ ಮೊದಲು ಬಿಸಿಮಾಡಿ ಒಣಗಿಸಿಕೊಳ್ಳುತ್ತಾರೆ. ಸತುವಿನ ಲೇಪವಿರುವ ತಗಡು ಬೆಂಕಿಗೆ ಬಿದ್ದರೆ ಏಳುವ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ಅಲ್ಯೂಮಿನಿಯಂ ಎಂದು ನಂಬಿ ಮೆಗ್ನೀಸಿಯಂ ಭಾಗವೊಂದನ್ನು ಹಾಕಿದರೆ ಅದು ಹೊತ್ತಿಕೊಂಡು ಉರಿಯುತ್ತದೆ, ನೀರೆರಚಿದರೆ ಇನ್ನೂ ಭುಗಿಲೇಳುತ್ತದೆ.

ಅಚ್ಚಿನಿಂದ ತೆಗೆದ ಎರಕಗಳಿಗೆ ಲೇತಿನ ರೂಪವೇನೋ ಇರುತ್ತದೆ, ಗುಣ ಇರುವುದಿಲ್ಲ. ಅಲ್ಯೂಮಿನಿಯಂ ಬೆಡ್ಡಿನ ಮೇಲ್ಮೈಯನ್ನು ಬಣ್ಣ ಹಚ್ಚಿ ಹೆರೆದು ಸಪಾಟು ಮಾಡಬೇಕು. ಹೆರೆಯುವ ಉಳಿಯನ್ನು ಕೊಳ್ಳಬೇಕಿಲ್ಲ. ಸವೆದ ಅರದ ತುದಿಯನ್ನು ಸಾಣೆ ಹಿಡಿದರೆ ಅದೇ ಒಳ್ಳೆಯ ಉಳಿ. ಹೋಲಿಸಿ ನೋಡಲು ಸರ್ಫೇಸ್ ಪ್ಲೇಟ್ ಇಲ್ಲದವರು ದಪ್ಪ ಗಾಜನ್ನೋ, ಪಾಲಿಶ್ ಮಾಡಿದ ಗ್ರಾನೈಟ್ ತುಂಡನ್ನೋ ಬಳಸುತ್ತಾರೆ. ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲು ಪ್ರಯೋಗಾಲಯದ ಪ್ಲೇಟಿನಷ್ಟು ಸಪಾಟಲ್ಲ, ಆದರೂ ಮೊದಲ ಲೇತಿಗೆ ಸಾಕು. ಹೆರೆದ ಮೈಯ ಮೇಲೆ ಉಕ್ಕಿನ ಪಟ್ಟಿಗಳನ್ನು ತಿರುಪು ಹಾಕಿ ಬಿಗಿಯುತ್ತಾರೆ. ಗಾಡಿ ಜಾರುವುದು ಆ ಉಕ್ಕಿನ ಮೇಲೆ. ಅಲ್ಯೂಮಿನಿಯಂ ಮೈ ಕೊಡುತ್ತದೆ, ಉಕ್ಕು ಸವೆತ ತಡೆಯುತ್ತದೆ.

ಜಿಂಜರಿಯ ಜಾಣ್ಮೆ ಎದ್ದು ಕಾಣುವುದು ಇದರ ನಂತರ. ಸ್ಪಿಂಡಲ್ ಕೂರುವ ತೂತು ಬೆಡ್ಡಿಗೆ ಸಮಾನಾಂತರವಾಗಿರಬೇಕು. ಅದನ್ನು ಕೊರೆಯುವಷ್ಟು ಕರಾರುವಾಕ್ಕಾದ ಯಂತ್ರ ಮನೆಯಲ್ಲಿಲ್ಲ. ಆದರೆ ಅರ್ಧ ಮುಗಿದ ಲೇತಿನ ಬೆಡ್ಡೇ ಕಣ್ಣೆದುರಿಗೆ ಇದೆಯಲ್ಲ! ಅದನ್ನೇ ಆಧಾರವಾಗಿಟ್ಟುಕೊಂಡು ತೂತು ಕೊರೆಯಲಾಗುತ್ತದೆ. ಬೆಡ್ ಎತ್ತ ಮುಖ ಮಾಡಿದೆಯೋ ತೂತೂ ಅತ್ತಲೇ ಮುಖ ಮಾಡಿರುತ್ತದೆ, ಬೇರೆ ದಾರಿಯೇ ಅದಕ್ಕಿಲ್ಲ. ಲೇತ್ ಹುಟ್ಟುತ್ತಿರುವಾಗಲೇ ತನ್ನ ಅಂಗಗಳನ್ನು ತಾನೇ ಮಾಡಿಕೊಳ್ಳಲು ಶುರುಮಾಡುತ್ತದೆ. ಮುಗಿದಾಗ ಏಳು ಇಂಚು ಅಗಲದ ಜಾಬ್ ತಿರುಗುವಷ್ಟು, ಹನ್ನೆರಡು ಇಂಚು ಉದ್ದದ ಜಾಬ್ ಕೂರುವಷ್ಟು ದೊಡ್ಡ ಯಂತ್ರ.

ಮೂರನೇ ಪುಸ್ತಕದ ಶೇಪರ್ ಈಗ ಕಾರ್ಖಾನೆಗಳಲ್ಲಿ ಅಪರೂಪ. ಹಿಂದೆ ಮುಂದೆ ಹೋಗುವ ತೋಳೊಂದು ಒಂದೇ ಉಳಿಯಿಂದ ಲೋಹವನ್ನು ಗೀರು ಗೀರಾಗಿ ಹೆರೆಯುವ ಈ ಯಂತ್ರವನ್ನು 1836ರಲ್ಲಿ ಜೇಮ್ಸ್ ನ್ಯಾಸ್ಮಿತ್ ರೂಪಿಸಿದ. ಅವನೂ ಮಾಡ್ಸ್ಲಿಯ ಗರಡಿಯವನೇ. ನಿಧಾನದ ಯಂತ್ರವೆಂದು ಕಾರ್ಖಾನೆಗಳು ಅದನ್ನು ಮೂಲೆಗಿಟ್ಟವು. ಮನೆಯವರಿಗೆ ಮಾತ್ರ ಅದು ಅಚ್ಚುಮೆಚ್ಚು. ಮಿಲ್ಲಿಂಗ್ ಕಟರ್‌ಗೆ ಹಲವು ಹಲ್ಲು, ಅದು ಮೊಂಡಾದರೆ ಹೊಸದಕ್ಕೆ ದುಡ್ಡು ಸುರಿಯಬೇಕು. ಶೇಪರಿನ ಉಳಿಗೆ ಒಂದೇ ಮೂತಿ. ಮೊಂಡಾದರೆ ಎರಡು ನಿಮಿಷ ಸಾಣೆ.

ಡಿವೈಡಿಂಗ್ ಹೆಡ್ ಬಂದ ಮೇಲೆ ಚಕ್ರ ಒಂದು ಸುತ್ತು ಪೂರ್ತಿಯಾಗುತ್ತದೆ. ವೃತ್ತವನ್ನು ಬೇಕಾದಷ್ಟು ಸಮಭಾಗ ಮಾಡಿಕೊಡುವ ಸಾಧನ ಅದು. ಸಾಮಾನ್ಯ ಮಾದರಿಯಲ್ಲಿ ಹಿಡಿಕೆಯನ್ನು ನಲವತ್ತು ಸುತ್ತು ತಿರುಗಿಸಿದರೆ ಜಾಬ್ ಒಂದು ಸುತ್ತು ಬರುತ್ತದೆ. ಇಪ್ಪತ್ತು ಹಲ್ಲಿನ ಗೇರ್ ಬೇಕಾದರೆ ಪ್ರತಿ ಹಲ್ಲಿಗೂ ಹಿಡಿಕೆಯನ್ನು ಎರಡು ಸುತ್ತು ತಿರುಗಿಸಬೇಕು. ಹೀಗೆ ಕೊರೆದ ಗೇರ್‌ಗಳನ್ನು ಲೇತಿಗೆ ಜೋಡಿಸಿದರೆ ಲೇತ್ ಮರೆ ಕೊರೆಯಲು ಕಲಿಯುತ್ತದೆ. ಮರೆ ಕೊರೆಯಬಲ್ಲ ಲೇತ್ ತನಗೇ ಇನ್ನೂ ಒಳ್ಳೆಯ ತಿರುಪು ಮಾಡಿಕೊಳ್ಳಬಲ್ಲದು. ಮಾಡ್ಸ್ಲಿ ಇನ್ನೂರು ವರ್ಷದ ಹಿಂದೆ ನಡೆದ ದಾರಿಯನ್ನೇ ಸ್ಪ್ರಿಂಗ್‌ಫೀಲ್ಡಿನ ಗ್ಯಾರೇಜು ಮತ್ತೆ ನಡೆಯಿತು.

ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಇನ್ನೂ ಹಳೆಯ ಬೇರಿದೆ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಶುರುಮಾಡಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಅಂಗಳದಲ್ಲಿ ಓಡುವ ಪುಟ್ಟ ಉಗಿಬಂಡಿ ಮಾಡುವವರ ಪಾಲಿಗೆ ಮನೆಯ ಗುರುವಾಯಿತು. 1946ರಲ್ಲಿ ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್ನಿನಲ್ಲಿ ಮೈಫೋರ್ಡ್ ಕಂಪನಿ ತಂದ ಎಂಎಲ್ 7 ಲೇತ್ ಎಷ್ಟೋ ಮನೆಗಳ ಹಿತ್ತಲ ಶೆಡ್ಡಿಗೆ ಬಂದಿಳಿಯಿತು. ಅಲ್ಲಿನವರದ್ದೂ ಒಂದು ತಮಾಷೆಯ ಪಾಡು. ರೈಲು ಮಾಡಲು ಲೇತ್ ಕೊಂಡವನು ಲೇತಿಗೆ ಬೇಕಾದ ಸಲಕರಣೆ ಮಾಡಲು ಕೂರುತ್ತಾನೆ, ಆ ಸಲಕರಣೆಗೆ ಇನ್ನೊಂದು ಸಲಕರಣೆ. ರೈಲು ಅಲ್ಲೇ ಉಳಿಯುತ್ತದೆ. ಪ್ರೊಫೆಸರ್ ಡೆನಿಸ್ ಚ್ಯಾಡಕ್ ಮೊಂಡಾದ ಕಟರ್‌ಗಳನ್ನು ಮನೆಯಲ್ಲೇ ಸಾಣೆ ಹಿಡಿಯಲು ಒಂದು ಯಂತ್ರ ರೂಪಿಸಿ, ತಾವಿದ್ದ ಕ್ವಾರ್ನ್ ಹಳ್ಳಿಯ ಹೆಸರನ್ನೇ ಇಟ್ಟರು. ಆ ಕ್ವಾರ್ನ್ ಯಂತ್ರ ಮಾಡಿ ಮುಗಿಸುವುದೇ ಈಗ ಹವ್ಯಾಸಿಗಳ ನಡುವೆ ಒಂದು ಪದವಿ ಪಡೆದಂತೆ.

ಎರಕವೂ ಬೇಡ ಎಂದವರಿದ್ದಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ತೋಪಿನ ಗುಂಡುಗಳನ್ನು ಕಡೆಯಲು ಲೇತ್‌ಗಳು ಸಾಲದೆ ಬಂದಾಗ ಅಮೆರಿಕದ ಎಂಜಿನಿಯರ್ ಲೂಸಿಯನ್ ಯೋಮನ್ಸ್ ಲೇತಿನ ಮೈಯನ್ನು ಕಾಂಕ್ರೀಟಿನಲ್ಲಿ ಹೊಯ್ದರು. ಮರೆತುಹೋಗಿದ್ದ ಈ ಉಪಾಯವನ್ನು ಟೆಕ್ಸಸ್‌ನ ಪ್ಯಾಟ್ ಡೆಲೇನಿ ನಮ್ಮ ಕಾಲದಲ್ಲಿ ಮತ್ತೆ ಎತ್ತಿಕೊಂಡು, ಬಡ ದೇಶಗಳ ವರ್ಕ್‌ಶಾಪುಗಳಿಗೆ ಒದಗಲಿ ಎಂದು ಕಾಂಕ್ರೀಟ್ ಲೇತಿನ ನಕ್ಷೆಗಳನ್ನು ಬಿಟ್ಟಿಯಾಗಿ ಹಂಚಿದರು. ಕಾಂಕ್ರೀಟ್ ಅಗ್ಗ, ಭಾರ, ಮೇಲಾಗಿ ನಡುಕವನ್ನು ನುಂಗಿಕೊಳ್ಳುತ್ತದೆ. ಇದು ಬಡವನ ಸಮಾಧಾನದ ಮಾತಷ್ಟೇ ಅಲ್ಲ. ಸ್ವಿಟ್ಜರ್ಲೆಂಡಿನ ಸ್ಟೂಡರ್ ಕಂಪನಿ ತನ್ನ ದುಬಾರಿ ಗ್ರೈಂಡಿಂಗ್ ಯಂತ್ರಗಳ ಬೆಡ್ಡನ್ನು ಹೊಯ್ಯುವುದೂ ಗ್ರಾನೈಟ್ ಜಲ್ಲಿ ಮತ್ತು ಎಪಾಕ್ಸಿ ಅಂಟಿನ ಮಿಶ್ರಣದಿಂದಲೇ.

ಇಷ್ಟು ದೂರ ಹೋಗಲು ಮನಸ್ಸಿಲ್ಲದವರಿಗೆ ಒಂದು ಸಂಜೆಯ ಕೆಲಸವೂ ಇದೆ. ಇಂಗಾಲ ಹೆಚ್ಚಿರುವ ಉಕ್ಕಿನ ಒಂದು ಗೇಣು ಸರಳು ಸಾಕು. ತುದಿಯನ್ನು ಅರದಿಂದ ಮೊನಚು ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಒಂದು ಅಯಸ್ಕಾಂತ ಹಿಡಿದು ನೋಡಬೇಕು. ಸುಮಾರು 770 ಡಿಗ್ರಿ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕಿಂತ ತುಸು ಹೆಚ್ಚು ಕಾಯಿಸಿ ತಟ್ಟನೆ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಾಜಿನಷ್ಟು ಗಡುಸು, ಗಾಜಿನಷ್ಟೇ ಪೆಡಸು. ಕೆಳಗೆ ಬಿದ್ದರೆ ಮುರಿದೀತು. ಅದಕ್ಕೇ ಮೈ ಉಜ್ಜಿ ಹೊಳೆಯಿಸಿ, ಮತ್ತೆ ಮೆಲ್ಲಗೆ ಕಾಯಿಸಬೇಕು. 220–230 ಡಿಗ್ರಿಯ ಹೊತ್ತಿಗೆ ಹೊಳೆಯುವ ಮೈಮೇಲೆ ಒಣಹುಲ್ಲಿನ ಹಳದಿ ಬಣ್ಣ ಹರಿದು ಬರುತ್ತದೆ. ಉಕ್ಕಿನ ಹದ ಅದೇ. ಅಲ್ಲಿಗೆ ನಿಲ್ಲಿಸಿದರೆ ಲೋಹಕ್ಕೆ ಗೆರೆ ಎಳೆಯುವ ಒಂದು ಸಲಕರಣೆ ಸಿದ್ಧ. ನಮ್ಮ ಹಳ್ಳಿಯ ಕಮ್ಮಾರರು ಕುಡಗೋಲು, ಗುಳಗಳಿಗೆ ಹದ ಕೊಡುವುದೂ ಹೀಗೆ ಬಣ್ಣ ನೋಡಿಯೇ. ಕುಲುಮೆಯ ಮನೆ ಸ್ವಲ್ಪ ಕತ್ತಲಾಗಿದ್ದರೆ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ.

ದುಡ್ಡಿನ ಲೆಕ್ಕ ಹಾಕುವವರಿಗೆ ಮನೆಯಲ್ಲಿ ಲೇತ್ ಕಟ್ಟುವುದು ಹೊಂದುವ ಬಾಬತ್ತಲ್ಲ. ಕಳೆದ ಗಂಟೆಗಳಿಗೆ ಕೂಲಿ ಹಿಡಿದರೆ ಹರಿಹರದ ಹಳೆಯ ಲೇತೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ತರುವುದೇ ಲಾಭ. ಕೊಂಡ ಯಂತ್ರ ಗಟ್ಟಿಯೂ ಹೌದು. ಅಲ್ಯೂಮಿನಿಯಂ ಲೇತ್ ಭಾರದ ಕೆಲಸಕ್ಕೆ ಬಾಗುತ್ತದೆ, ಉಕ್ಕನ್ನು ತೆಳು ತೆಳುವಾಗಿ ತೆಗೆಯಬೇಕು, ಅವಸರ ಮಾಡಿದರೆ ಉಳಿ ಕಿರುಗುಟ್ಟಿ ಜಾಬಿನ ಮೈಮೇಲೆ ಅಲೆ ಎಬ್ಬಿಸುತ್ತದೆ. ಆದರೆ ಲೇತನ್ನು ತಾನೇ ಕಟ್ಟಿದವನಿಗೆ ಅದರ ಕಾಯಿಲೆ ಯಾವ ಕೀಲಿನಲ್ಲಿದೆ ಎಂಬುದು ಸದ್ದಿನಲ್ಲೇ ತಿಳಿಯುತ್ತದೆ. ಗಾಡಿ ಸಡಿಲವಾದರೆ ಯಾವ ಪಟ್ಟಿ ಬಿಗಿಯಬೇಕು, ಜಾಬ್ ಮೊನಚಾಗಿ ಬಂದರೆ ಅದರ ಇನ್ನೊಂದು ತುದಿಗೆ ಆಸರೆಯಾಗುವ ಟೇಲ್‌ಸ್ಟಾಕನ್ನು ಎತ್ತ ಸರಿಸಬೇಕು ಎಂದು ಮೆಕ್ಯಾನಿಕ್ಕನ್ನು ಕರೆಸಿ ಕೇಳಬೇಕಿಲ್ಲ.

ಹೊಸ ಲೇತಿನ ಕೊನೆಯ ಕೆಲಸಗಳಲ್ಲೊಂದು ಫೇಸ್‌ಪ್ಲೇಟ್, ಜಾಬನ್ನು ಬಿಗಿಯುವ ದುಂಡನೆಯ ತಟ್ಟೆ. ಮರಳಿನಿಂದ ಬಂದ ಎರಕವನ್ನು ಸ್ಪಿಂಡಲಿಗೆ ಹಾಕಿ ಮೋಟಾರಿನ ಗುಂಡಿ ಒತ್ತಿದಾಗ ಅದು ಪಂಕ್ಚರಾದ ಸೈಕಲ್ ಚಕ್ರದಂತೆ ಅತ್ತಿತ್ತ ಓಲಾಡುತ್ತದೆ. ಮೊದಲ ಸಲ ಉಳಿ ತಾಗಿಸಿದಾಗ ಟಕ್ ಟಕ್ ಎಂದು ಒಂದು ಕಡೆ ಮಾತ್ರ ತಗಲುತ್ತದೆ. ಎರಡನೆಯ ಸಲಕ್ಕೆ ಅರ್ಧ ಮೈ ಹೊಳೆಯುತ್ತದೆ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಟಕ್ ಟಕ್ ನಿಂತು ಒಂದೇ ಸಮನೆ ಸರ್ ಎಂಬ ಸದ್ದು ಶುರುವಾಗುತ್ತದೆ. ಆಗ ತಟ್ಟೆ ತಿರುಗುತ್ತಿದೆಯೋ ನಿಂತಿದೆಯೋ ಎಂಬುದೇ ಗೊತ್ತಾಗದಷ್ಟು ನಿಶ್ಚಲ. ಅದನ್ನು ಕಡೆದ ಲೇತಿನಲ್ಲೇ ಅದಿನ್ನು ಉಳಿಯುತ್ತದೆ. ನೆಲದ ಮೇಲೆ ಬಿದ್ದ ಬೆಳ್ಳಗಿನ ಸುರುಳಿಗಳನ್ನು ಗುಡಿಸಿ ಡಬ್ಬಿಗೆ ತುಂಬುತ್ತಾರೆ, ಶೇಪರಿನ ಎರಕಕ್ಕೆ ಪಿಸ್ಟನ್ ಚೂರುಗಳ ಜೊತೆ ಸೇರಿಸಲು.